ಖಾಕಿ ಹಾಕಿದವರು ನೀವು, ಗಾಂಜಾ ಕೇಸಿನವರ ಪರ ಯಾಕೆ ನಿಲ್ತೀರಿ ಸಾರ್?

ನಿವೃತ್ತಿಯಾದ ಮೇಲೆ ಎಲ್ಲಿ ಹೋದರೂ ಈ ಪ್ರಶ್ನೆ ಬರುತ್ತದೆ. ಜೊತೆಗೆ ಕೆಲಸ ಮಾಡಿದವರು ಸ್ವಲ್ಪ ಸಿಟ್ಟಿನಿಂದಲೇ ಕೇಳುತ್ತಾರೆ. ಕೇಳಬೇಕಾದ್ದೇ. ಡ್ರಗ್ಸ್ ಮಾರುವವರ ಪರ ನಾನಿಲ್ಲ. ಮಹಜರಿನಲ್ಲಿ, ಅಂದರೆ ಶೋಧ, ಜಪ್ತಿ ಹೇಗೆ ನಡೆಯಿತು ಅಂತ ಸ್ಥಳದಲ್ಲೇ ಬರೆಯುವ ದಾಖಲೆಯಲ್ಲಿ, ಸುಳ್ಳು ಬರೆಯಬಾರದು ಅನ್ನುವುದು ನನ್ನ ಹಟ.

ಸರ ಕದ್ದರೆ, ಕಳೆದುಕೊಂಡವರು ಠಾಣೆಗೆ ಬಂದು ದೂರು ಕೊಡುತ್ತಾರೆ. ಗಾಂಜಾ ಕೇಸಿನಲ್ಲಿ ಅಂಥವರು ಯಾರೂ ಇಲ್ಲ. ಮಾಹಿತಿ ಬಂತು ಅನ್ನುವವರು ಪೊಲೀಸರು, ಹಿಡಿಯುವವರು ಪೊಲೀಸರು, ಜಪ್ತಿಯಾದ ಮಾಲು ಸೀಲ್ ಮಾಡುವವರು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ಎಲ್ಲ ಅವರೇ. ದೂರುದಾರ ಅಧಿಕಾರಿಯೇ ತನಿಖೆಯನ್ನೂ ಮಾಡಿದರು ಅನ್ನುವ ಒಂದೇ ಕಾರಣಕ್ಕೆ ಕೇಸು ಬೀಳುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವ ಪಂಚರೂ ಠಾಣೆಗೆ ಪರಿಚಯದವರೇ ಆಗಿಬಿಟ್ಟರೆ ಹೊರಗಿನವರು ನೋಡಿದ್ದು ಏನು ಉಳಿಯಿತು?

ತೂಕದ ವಿಷಯವನ್ನೇ ನೋಡಿ. ಮಾದಕ ವಸ್ತುಗಳ ಕೇಸಿಗೆ ಹಾಕುವ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, ಶಿಕ್ಷೆ ಹೆಚ್ಚೆಂದರೆ 1 ವರ್ಷ. 20 ಕೆ.ಜಿ. ದಾಟಿತೋ, ಕಮ್ಮಿಯೆಂದರೂ 10 ವರ್ಷ. ಜೊತೆಗೆ 37ನೇ ಸೆಕ್ಷನ್: ಈತ ತಪ್ಪಿತಸ್ಥನಲ್ಲ ಅಂತ ನಂಬುವುದಕ್ಕೆ ಕಾರಣ ಕಾಣದೆ ಜಡ್ಜ್ ಜಾಮೀನು ಕೊಡುವ ಹಾಗಿಲ್ಲ. ಕಡ್ಡಿ, ಎಲೆ, ಗೋಣಿಚೀಲ ಎಲ್ಲ ಸೇರಿಸಿ ತಕ್ಕಡಿಗೆ ಹಾಕಿದರೆ 17 ಕೆ.ಜಿ. ಸುಲಭವಾಗಿ 21 ಆಗುತ್ತದೆ. ಆ 4 ಕೆ.ಜಿ.ಗಾಗಿ ಒಬ್ಬ ಹುಡುಗ ವಿಚಾರಣೆ ಮುಗಿಯುವುದನ್ನೇ ಕಾಯುತ್ತಾ ಪರಪ್ಪನ ಅಗ್ರಹಾರ ಜೈಲಿನಲ್ಲಿ ವರ್ಷಗಟ್ಟಲೆ ಕೂರಬೇಕಾಗಬಹುದು. ಅದೇ, ಸಕಾರಣವಿಲ್ಲದೆ ಕಿರುಕುಳ ಕೊಡಲೆಂದು ಶೋಧ ಮಾಡಿ ಬಂಧಿಸಿದ ಅಧಿಕಾರಿಗೆ? 58ನೇ ಸೆಕ್ಷನ್ ತೆಗೆದು ಓದಿ. ಹೆಚ್ಚೆಂದರೆ 6 ತಿಂಗಳು, ಇಲ್ಲವೇ 1,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

'ನೀವು ಹೇಳೋದೆಲ್ಲ ಟೆಕ್ನಿಕಲ್ ಪಾಯಿಂಟ್ ಸಾರ್, ಕಳ್ಳರು ತಪ್ಪಿಸ್ಕೋತಾರೆ' ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೈ ತಡಕುವ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಶೋಧ ಕೇಳುವ ಹಕ್ಕಿದೆ ಅಂತ ತಿಳಿಸಬೇಕು. ಸ್ಯಾಂಪಲ್ ಮ್ಯಾಜಿಸ್ಟ್ರೇಟ್ ಎದುರೇ ತೆಗೆಯಬೇಕು. 2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೋ ಕಡ್ಡಾಯ, ಮೊಬೈಲಿನಲ್ಲಾದರೂ ಸರಿ. ನೆಟ್ಟಗೆ ರೈಡ್ ಮಾಡಿದವರಿಗೆ ಇದರಲ್ಲಿ ಕಷ್ಟ ಏನಿದೆ? ನಿಜವಾದ ಪೆಡ್ಲರ್ ಕೋರ್ಟಿನಲ್ಲಿ ಬಚಾವಾಗುವುದು ಪೊಲೀಸರು ಈ ನಿಯಮಗಳನ್ನು ಪಾಲಿಸದೆ ಬಿಟ್ಟಾಗಲೇ ಅಲ್ವಾ?

ಖಾಕಿ ಬಿಟ್ಟು ಹೀಗೆ ಮಾತಾಡಿದವರಲ್ಲಿ ನಾನು ಮೊದಲಿಗನಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮಾರುವೇಷದ ಡ್ರಗ್ಸ್ ಪೊಲೀಸ್ ಆಗಿದ್ದ ಜ್ಯಾಕ್ ಕೋಲ್ 2002ರಲ್ಲಿ ಬೇರೆ ಪೊಲೀಸರ ಜೊತೆ ಸೇರಿ ಒಂದು ಸಂಘಟನೆಯನ್ನೇ ಕಟ್ಟಿದರು. ಅವರು ನಿಷೇಧವೇ ಬೇಡ ಅಂದರು. ನಾನು ಅಷ್ಟು ದೂರ ಹೋಗುವುದಿಲ್ಲ. ಇರುವ ಕಾಯ್ದೆಯನ್ನು ಪೂರ್ತಿ ಪಾಲಿಸಿದರೆ ಸಾಕು.

ಪೂರ್ತಿ ಅಂದರೆ ಅದೇ ಕಾಯ್ದೆಯ 64ಎ ಸೆಕ್ಷನ್ ಕೂಡ ಸೇರಿ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಮುಗಿಸಿದರೆ, ಮೊಕದ್ದಮೆಯಿಂದ ವಿನಾಯಿತಿ ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಮಗ ಸಿಕ್ಕಿಬಿದ್ದ ಅಂತ ಗಾಬರಿಯಲ್ಲಿರುವ ತಂದೆ-ತಾಯಿ, ಮೊದಲ ದಿನವೇ ವಕೀಲರ ಹತ್ತಿರ ಈ ಸೆಕ್ಷನ್ ಬಗ್ಗೆ ಕೇಳಿ. ಮಹಜರಿನ ಪ್ರತಿಯನ್ನೂ ಕೇಳಿ ಪಡೆಯಿರಿ.