ಮೂರು ಘಾಟಿ ಇಳಿದು, ಮೂರು ಘಾಟಿ ಹತ್ತಿ: ಅಪ್ಪನ ಜೊತೆ ಬೈಕ್ ಪ್ರವಾಸದ ಪ್ಲಾನ್

ಬೈಕಲ್ಲಿ ಮಲೆನಾಡು ಸುತ್ತುತ್ತೇವೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ್ಯಾವ ಜಾಗ ನೋಡ್ತೀರಿ? ಫಾಲ್ಸ್, ವ್ಯೂ ಪಾಯಿಂಟ್, ದೇವಸ್ಥಾನ ಅಂತ ಪಟ್ಟಿ ನಿರೀಕ್ಷೆ ಮಾಡುತ್ತಾರೆ. ನಮ್ಮ ಪ್ಲಾನ್‌ನಲ್ಲಿ ನೋಡುವ ಜಾಗ ಅಂದರೆ ರಸ್ತೆಯೇ. ಘಟ್ಟದ ಮೇಲೆ ಮಲೆನಾಡು, ಕೆಳಗೆ ಕರಾವಳಿ, ನಡುವೆ ಘಾಟಿಗಳು. ಬಟ್ಟೆಗೆ ಹೊಲಿಗೆ ಹಾಕುವ ಹಾಗೆ ಒಂದು ಘಾಟಿಯಲ್ಲಿ ಇಳಿದು, ಮುಂದಿನದರಲ್ಲಿ ಹತ್ತಿ, ಹಾಗೇ ಉತ್ತರಕ್ಕೆ ಹೋಗುವುದು. ಬಿಸಿಲೆ ಇಳಿಯುವುದು, ಚಾರ್ಮಾಡಿ ಹತ್ತುವುದು. ಕುದುರೆಮುಖದಿಂದ ಇಳಿಯುವುದು, ಆಗುಂಬೆ ಹತ್ತುವುದು. ಹುಲಿಕಲ್ ಇಳಿಯುವುದು, ಕೊಲ್ಲೂರಿನಿಂದ ಹತ್ತುವುದು. ಅಲ್ಲಿಂದ ಸಾಗರ, ಶಿವಮೊಗ್ಗ, ಅರಸೀಕೆರೆ ಮೇಲೆ ಮೈಸೂರಿಗೆ ವಾಪಸ್.

ಗಾಡಿ ನನ್ನದು, 350 ಸಿಸಿಯದು. ಹಿಂದೆ ಕೂರುವವರು ಅಪ್ಪ. ಅವರಿಗೆ ಈಗ 68. ಒಂದು ಕಾಲದಲ್ಲಿ ಅವರ ಹತ್ತಿರ ಯೆಜ್ಡಿ ರೋಡ್‌ಕಿಂಗ್ ಇತ್ತು. ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ತಯಾರಾದ ಗಾಡಿ. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಮೈಸೂರಿನಲ್ಲಿ ಯೆಜ್ಡಿಗಳು ಮಾತ್ರ ಇನ್ನೂ ಓಡುತ್ತಲೇ ಇವೆ, ಸದ್ದು ಕೇಳಿದರೆ ಅಪ್ಪ ಈಗಲೂ ತಿರುಗಿ ನೋಡುತ್ತಾರೆ. ಈ ಘಾಟಿಗಳಲ್ಲಿ ಬಹುಪಾಲು ಅವರು ಆ ಯೆಜ್ಡಿಯಲ್ಲಿ ಓಡಾಡಿದವೇ. ಈಗ ಮಂಡಿ ನೋವು, ಕಿಕ್ಕರ್ ಹೊಡೆಯೋಕೆ ಆಗಲ್ಲ. ಹಿಂದೆ ಕೂತು ಬರುತ್ತೇನೆ ಅಂದಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ.

ಹಿಂದೆ ಕೂರುವವರಿಗೆ 68 ವರ್ಷ ಅಂದ ಮೇಲೆ ಲೆಕ್ಕ ಬದಲಾಗುತ್ತದೆ. ಕಿಲೋಮೀಟರ್ ಬಿಟ್ಟು ಗಂಟೆ ನೋಡಬೇಕು. ಮೊಬೈಲ್ ಮ್ಯಾಪ್ ತೋರಿಸುವ ಸಮಯ ಘಾಟಿ ರಸ್ತೆಯಲ್ಲಿ ನಡೆಯುವುದಿಲ್ಲ. ತಿರುವು, ಮಂಜು, ಹಂಪ್, ಎದುರಿಗೆ ಬರುವ ಬಸ್ಸು, ಫೋಟೋಗೆ ನಿಲ್ಲುವುದು ಎಲ್ಲಾ ಸೇರಿದರೆ ಗಂಟೆಗೆ 30 ಕಿಲೋಮೀಟರ್ ಸಿಕ್ಕರೆ ಹೆಚ್ಚು. ಹೀಗಾಗಿ ಬೆಟ್ಟದ ದಿನಗಳಲ್ಲಿ 120 ಕಿಲೋಮೀಟರ್ ದಾಟಬಾರದು ಅಂತ ಇಟ್ಟುಕೊಂಡಿದ್ದೇನೆ. ಗಂಟೆಗೊಮ್ಮೆ ಇಳಿದು ಕಾಲು ಚಾಚಿಸಬೇಕು. ಬೆಳಗ್ಗೆ ಬೆಳಕು ಹರಿದ ಕೂಡಲೇ ಹೊರಟರೆ ಮಧ್ಯಾಹ್ನ ಎರಡಕ್ಕೆ ಉಳಿಯುವ ಊರು ಸೇರಿರಬೇಕು.

ಮಧ್ಯಾಹ್ನ ಎರಡು ಯಾಕೆ ಅಂದರೆ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಬೇಡ ಅಂತ ಎಲ್ಲರಿಗೂ ಗೊತ್ತು. ಆದರೆ ಅಕ್ಟೋಬರ್‌ನಲ್ಲೂ ಮಲೆನಾಡಿನಲ್ಲಿ ಬೆಳಗ್ಗೆ ಬಿಸಿಲು ಚುರುಗುಟ್ಟಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ನಾವು ದೀಪಾವಳಿ ಮುಗಿಸಿ ನವೆಂಬರ್‌ನಲ್ಲಿ ಹೊರಡುವುದು. ಆಗಲೂ ಹಸಿರು ಇರುತ್ತದೆ, ಝರಿಗಳಲ್ಲಿ ನೀರು ಇರುತ್ತದೆ, ರಸ್ತೆ ಒಣಗಿರುತ್ತದೆ. ಕಾಡಿನ ನೆರಳು ಇರುವ ಕಡೆ ರಸ್ತೆಯಂಚಿಗೆ ಪಾಚಿ ಮಾತ್ರ ಉಳಿದಿರುತ್ತದೆ. ಪಾಚಿ ಮೇಲೆ ಚಕ್ರ ಇಟ್ಟು ಬ್ರೇಕ್ ಒತ್ತಿದರೆ ಕತೆ ಮುಗಿದ ಹಾಗೆ. ಇಂಬಳ (ಜಿಗಣೆ) ಕೂಡ ಮಳೆಗಾಲದಷ್ಟು ಕಾಟ ಕೊಡುವುದಿಲ್ಲ.

ಮೊದಲ ಇಳಿಜಾರು ಬಿಸಿಲೆ. ಮೈಸೂರಿನಿಂದ ಹುಣಸೂರು, ಕುಶಾಲನಗರ, ಸೋಮವಾರಪೇಟೆ, ಆಮೇಲೆ ವನಗೂರು ಕೂಡುರಸ್ತೆ. ಬಿಸಿಲೆ ಹತ್ತಿರ ಮಂಕನಹಳ್ಳಿಯಲ್ಲಿ ಬ್ರಿಟಿಷರ ಕಾಲದ ಒಂದು ಕಲ್ಲಿದೆ. ಅದರ ಒಂದು ಕಡೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಘಟ್ಟದ ಪ್ರವಾಸ ಶುರು ಮಾಡೋಕೆ ಇದಕ್ಕಿಂತ ಸರಿಯಾದ ಜಾಗ ಇಲ್ಲ ಅಂತ ನನ್ನ ಅನಿಸಿಕೆ. ಮುಂದೆ ಬಿಸಿಲೆಯ ವ್ಯೂ ಪಾಯಿಂಟ್‌ನಿಂದ ಎದುರಿಗೇ ಕುಮಾರಪರ್ವತ, 1,712 ಮೀಟರ್. ನಂತರ ದಟ್ಟ ಕಾಡಿನೊಳಗೆ ಕಿರಿದಾದ ರಸ್ತೆ ಇಳಿದು ಕುಳ್ಕುಂದದ ಮೇಲೆ ಕುಕ್ಕೆ ಸುಬ್ರಹ್ಮಣ್ಯ ಸೇರುತ್ತದೆ. ಆ ಭಾಗದಲ್ಲಿ ಆನೆ ಓಡಾಟ ಜಾಸ್ತಿ. ಮುಂಜಾನೆ ಕತ್ತಲಲ್ಲೂ ಸಂಜೆ ಮಬ್ಬಲ್ಲೂ ಅಲ್ಲಿ ಬೈಕ್ ಓಡಿಸಲೇಬಾರದು. ಮೈಸೂರಿನಿಂದ ಬೇಗ ಹೊರಟರೆ ಬಿಸಿಲೆಗೆ ಮಧ್ಯಾಹ್ನದ ಹೊತ್ತಿಗೆ ಬರುತ್ತೇವೆ, ಕುಕ್ಕೆಯಲ್ಲಿ ರಾತ್ರಿ ಉಳಿಯುತ್ತೇವೆ. 120ರ ಮಿತಿ ಈ ದಿನಕ್ಕೆ ಮಾತ್ರ ಇಲ್ಲ, ಸೋಮವಾರಪೇಟೆವರೆಗೆ ರಸ್ತೆ ಸುಲಭ.

ಶಿರಾಡಿ ಯಾಕೆ ಬೇಡ ಅಂತ ಒಬ್ಬ ಗೆಳೆಯ ಕೇಳಿದ. ಶಿರಾಡಿ ಬೆಂಗಳೂರು–ಮಂಗಳೂರು ಹೆದ್ದಾರಿ. ಟ್ಯಾಂಕರ್, ಕಂಟೇನರ್, ರಾತ್ರಿ ಬಸ್ಸು ಎಲ್ಲಾ ಅದರಲ್ಲೇ. ಊರು ಸೇರುವುದಕ್ಕೆ ಅದು ಸರಿ, ರಜೆಗೆ ಬೇಡ.

ಮಾರನೇ ದಿನ ಧರ್ಮಸ್ಥಳ, ಉಜಿರೆ ದಾಟಿ ಚಾರ್ಮಾಡಿ. 2019ರ ಆಗಸ್ಟ್‌ನಲ್ಲಿ ಇಲ್ಲಿ ಸಾಲುಸಾಲಾಗಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಸಣ್ಣ ಗಾಡಿಗಳಿಗೆ ಬಿಟ್ಟ ಮೇಲೂ ಬಸ್ಸು ಲಾರಿಗೆ ಬಹಳ ದಿನ ಅವಕಾಶ ಇರಲಿಲ್ಲ. ಅದಕ್ಕೇ ಹೊರಡುವ ಹಿಂದಿನ ದಿನ ಕೊಟ್ಟಿಗೆಹಾರದ ಯಾರಿಗಾದರೂ ಫೋನ್ ಮಾಡಿ ಕೇಳುವುದು ನನ್ನ ಪದ್ಧತಿ. ಚಾರ್ಮಾಡಿಯನ್ನು ನಾನು ಬೇಕೆಂದೇ ಹತ್ತುವ ದಾರಿಯಾಗಿ ಇಟ್ಟಿದ್ದೇನೆ. ಹತ್ತುವಾಗ ವೇಗ ತಾನಾಗೇ ಕಮ್ಮಿ, ಬ್ರೇಕ್ ಮೇಲೆ ಭಾರ ಕಮ್ಮಿ, ಹಿಂದೆ ಕೂತವರಿಗೆ ಮುಂದಕ್ಕೆ ಜಾರುವ ಕಷ್ಟ ಇಲ್ಲ. ಎಲ್ಲಕ್ಕಿಂತ ಮುಖ್ಯ, ತಿರುವು ತಿರುವಿಗೂ ಕಣಿವೆ ಕೆಳಗೆ ಇಳಿಯುತ್ತಾ ಹೋಗುವುದು ಕಾಣುತ್ತದೆ. ಅಲ್ಲಿ ರಸ್ತೆ ಬದಿ ಝರಿಗಳ ಜಾರುಬಂಡೆ ಹತ್ತಿ ಕುಣಿಯುವವರನ್ನು, ಬಾಟಲಿ ಎಸೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ನೀರು ಕೆಳಗೆ ನೇತ್ರಾವತಿಗೆ ಹೋಗುತ್ತದೆ. ಜನ ಕುಡಿಯುವ ನೀರು ಅದು.

ಮೇಲೆ ಹತ್ತಿದ ಕೂಡಲೇ ಕೊಟ್ಟಿಗೆಹಾರ, ನೀರ್ ದೋಸೆ. ಇದರ ಬಗ್ಗೆ ಅಪ್ಪನಿಗೆ ಚರ್ಚೆಯೇ ಬೇಡ. ಅಲ್ಲಿಂದ ಕಾಫಿ ತೋಟಗಳ ನಡುವೆ ಕಳಸ. ಅಲ್ಲೇ ಉಳಿಯುವುದು.

ಕಳಸದಲ್ಲಿ ಟ್ಯಾಂಕ್ ತುಂಬಿಸದೆ ಮುಂದೆ ಹೋಗಬಾರದು. ಸಂಸೆ ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇಡೀ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಕಾಯುತ್ತಿರುವುದು ಈ ರಸ್ತೆಗೆ. ಬೆಟ್ಟಗಳ ನಡುವಿನ ತಗ್ಗುಗಳಲ್ಲಿ ದಟ್ಟ ಶೋಲಾ ಕಾಡು, ಅದರ ಮೇಲೆ ಬರೀ ಹುಲ್ಲುಗಾವಲು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ. ಆ ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣದ ಅದಿರು ಇತ್ತು. ಅದಿರನ್ನು ಪುಡಿ ಮಾಡಿ ನೀರಿಗೆ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅಪ್ಪ ಹಿಂದೆ ಹೋದಾಗ ಕುದುರೆಮುಖ ಟೌನ್‌ಶಿಪ್‌ನಲ್ಲಿ ಶಿಫ್ಟ್ ಸೈರನ್, ಬಸ್ಸು, ಯೂನಿಫಾರ್ಮ್ ಹಾಕಿದ ಮಕ್ಕಳು ಎಲ್ಲಾ ಇದ್ದರಂತೆ. ಅಲ್ಲಿ ಕೆಲಸ ಕಳೆದುಕೊಂಡವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಗಣಿ ನಿಂತದ್ದು ಒಳ್ಳೆಯದೇ ಆಯಿತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಈ ಮಾತು ಅಲ್ಲೇ ನಿಂತು ಮುಂದುವರಿಸಬೇಕು ಅಂತ ಇಬ್ಬರಿಗೂ ಆಸೆ.

ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಆ ಹೊತ್ತಿನೊಳಗೆ ಆಚೆ ಚೆಕ್‌ಪೋಸ್ಟ್ ದಾಟಬೇಕು. ಸುಮ್ನೆ ಕಂಡಲ್ಲೆಲ್ಲಾ ಗಾಡಿ ನಿಲ್ಲಿಸಿ ಕೂರುವ ಹಾಗಿಲ್ಲ. ಇದು ಸರಿಯಾದ ನಿಯಮ. ಸಿಂಗಳೀಕ ಇರುವ ಕಾಡು ಅದು. ಬಿಸ್ಕತ್ತು ಎಸೆದರೆ ಅವು ರಸ್ತೆಗೆ ಬರುವುದು ಕಲಿಯುತ್ತವೆ, ಆಮೇಲೆ ಚಕ್ರಕ್ಕೆ ಸಿಗುತ್ತವೆ. ಬಹಳ ದೂರದವರೆಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿ, ಮನೆಯವರಿಗೆ ‘ಇಷ್ಟು ಹೊತ್ತು ಫೋನ್ ಸಿಗಲ್ಲ’ ಅಂತ ಹೇಳಿ ಹೊರಡುವುದು ಒಳ್ಳೆಯದು. ಇಳಿಜಾರು ಮುಗಿದರೆ ಬಜಗೋಳಿ, ಕಾರ್ಕಳ. 1432ರ ಗೊಮ್ಮಟನನ್ನು ಕೆಳಗಿನಿಂದಲೇ ನೋಡುವುದು. ಮಂಡಿ ನೋವಿಗೆ ಮೆಟ್ಟಿಲು ಬೇಡ. ಆ ರಾತ್ರಿ ಹೆಬ್ರಿಯಲ್ಲಿ.

ಹೆಬ್ರಿ ಬಿಟ್ಟು ಸೋಮೇಶ್ವರ ದಾಟಿದರೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳು. ದೂರ ಸ್ವಲ್ಪವೇ, ಆದರೆ ಎಷ್ಟು ಚೂಪು ಅಂದರೆ ಬಸ್ಸು ತಿರುಗುವಾಗ ರಸ್ತೆ ಪೂರ್ತಿ ಅದಕ್ಕೇ ಬೇಕು. ತಿರುವಿಗೆ ಮುಂಚೆಯೇ ಹಾರ್ನ್ ಕೊಟ್ಟು, ಗೇರ್ ಇಳಿಸಿ, ಬಸ್ಸಿನ ಮೂತಿ ಕಂಡರೆ ಅಲ್ಲೇ ನಿಲ್ಲುವುದು. ಕಿರಿದಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವ ನಿಯಮ ಇದೆ. ಆದರೆ ಬೈಕಿನವರು ಅದನ್ನು ನಂಬಿ ಕೂರಬಾರದು.

ಇಳಿಯುವ ವಿದ್ಯೆ ನನಗೆ ಹೇಳಿಕೊಟ್ಟದ್ದು ಅಪ್ಪ. ಯೆಜ್ಡಿ ಟೂ ಸ್ಟ್ರೋಕ್. ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸುವುದು. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಅದಕ್ಕೆ ಸಿಗುವ ಆಯಿಲ್ ಮಾತ್ರ ಕಮ್ಮಿಯಾಗುತ್ತದೆ. ಅದಕ್ಕೇ ನಡುನಡುವೆ ಒಂಚೂರು ಆಕ್ಸಿಲರೇಟರ್ ಕೊಡುತ್ತಿದ್ದರಂತೆ. ಟೂ ಸ್ಟ್ರೋಕ್‌ನಲ್ಲಿ ಎಂಜಿನ್ ಹಿಡಿತವೂ ಕಮ್ಮಿ, ಡ್ರಮ್ ಬ್ರೇಕ್ ಕಾಯ್ದು ಹೋಗುತ್ತಿತ್ತು. ನಡುವೆ ನಿಲ್ಲಿಸಿ ತಣಿಸಿಕೊಂಡು ಇಳಿಯಬೇಕಿತ್ತು. ನನ್ನದು ಫೋರ್ ಸ್ಟ್ರೋಕ್. ಎರಡನೇ ಗೇರ್ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ಒತ್ತಿಯೇ ಇಟ್ಟುಕೊಳ್ಳುವುದಲ್ಲ, ಬೇಕಾದಾಗ ಒತ್ತಿ ಬಿಡುವುದು. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಕಂಡರೆ ಅಪ್ಪನಿಗೆ ಈಗಲೂ ಸಿಟ್ಟು.

ಆಗುಂಬೆಯಲ್ಲಿ ಎರಡು ರಾತ್ರಿ ಉಳಿಯೋಣ ಅಂತ ಇಬ್ಬರೂ ಸೇರಿ ತೀರ್ಮಾನಿಸಿದ್ದೇವೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು. ನವೆಂಬರ್‌ನಲ್ಲಿ ಆಕಾಶ ತಿಳಿಯಾಗಿದ್ದರೆ ಸೂರ್ಯಾಸ್ತದ ಕಟ್ಟೆಯಿಂದ ದೂರದ ಸಮುದ್ರ ಕಾಣುತ್ತದೆ. ಒಂದು ದಿನ ಮೋಡ ಮುಚ್ಚಿದರೆ ಇನ್ನೊಂದು ದಿನ ಇರಲಿ ಅಂತ.

ಹುಲಿಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೀರ್ಥಹಳ್ಳಿ, ಮಾಸ್ತಿಕಟ್ಟೆ ದಾಟಿ ಇಳಿಯುವುದು. ಘಾಟಿಯ ಚಂಡಿಕಾಂಬೆ ಗುಡಿ ಮುಂದೆ ಎಲ್ಲಾ ಗಾಡಿಯವರೂ ನಿಂತು ಕೈ ಮುಗಿಯುತ್ತಾರೆ, ನಾವೂ ಅಷ್ಟೇ. ಕೊಲ್ಲೂರಿನಲ್ಲಿ ಉಳಿದು, ನಾಗೋಡಿ ಕಡೆ ಹತ್ತಿ ಸಿಗಂದೂರಿಗೆ. ಅಲ್ಲಿ ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಸೇತುವೆ ಓಡಾಟಕ್ಕೆ ತೆರೆಯಿತು, ಸುಮಾರು 2.44 ಕಿಲೋಮೀಟರ್ ಉದ್ದ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ರಸ್ತೆ ಮುಳುಗಿ, ತುಮರಿ ಕಡೆಯ ಜನ ದಶಕಗಟ್ಟಲೆ ಲಾಂಚ್ (ಜನ, ಗಾಡಿ ದಾಟಿಸುವ ದೋಣಿ) ಕಾದರು. ರಾತ್ರಿ ಹೆರಿಗೆ ನೋವು ಬಂದರೂ ಆಚೆ ದಡ ಸೇರುವುದು ಸುಲಭ ಇರಲಿಲ್ಲ. ಅಪ್ಪ ಯೆಜ್ಡಿಯನ್ನು ಲಾಂಚ್‌ಗೆ ಹತ್ತಿಸಿ, ಅಲೆಗೆ ಬೀಳದ ಹಾಗೆ ಹಿಡಿದುಕೊಂಡೇ ನಿಂತಿದ್ದರಂತೆ. ಲಾಂಚ್ ಹೋಯಿತಲ್ಲ ಅಂತ ಬೇಜಾರು ಪಡುವ ಪ್ರವಾಸಿಗರು ಇದ್ದಾರೆ. ನನಗೆ ಬೇಜಾರಿಲ್ಲ. ಆ ಊರಿನವರಿಗೆ ಸೇತುವೆ ಸಿಗಬೇಕಿತ್ತು, ಸಿಕ್ಕಿತು.

ಗಾಡಿಗೆ ಮಾಡಿಸುವ ಕೆಲಸ ಇಷ್ಟು. ಹೊಸ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹಳೆಯದಾದರೆ ಬಿಸಿಗೆ ಬೇಗ ಕುದಿಯುತ್ತದೆ, ಆಗ ಲಿವರ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ಒಂದೆರಡು ಹಂತ ಗಟ್ಟಿ ಮಾಡಿಸಬೇಕು. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಎಷ್ಟು ಗಾಳಿ ಅಂತ ಗಾಡಿಯ ಮೇಲೇ ಬರೆದಿರುತ್ತದೆ, ಅಷ್ಟೇ ಹಾಕಿಸಬೇಕು. ಒಂದು ಕ್ಲಚ್ ಕೇಬಲ್, ಪಂಕ್ಚರ್ ಕಿಟ್, ಚೈನ್ ಸ್ಪ್ರೇ. ಅಪ್ಪನಿಗೆ ಬೆನ್ನಿಗೆ ಒರಗು ಹಾಕಿಸಿದ್ದೇನೆ, ಫುಟ್‌ರೆಸ್ಟ್ ಸ್ವಲ್ಪ ಕೆಳಗೆ ಇಳಿಸಿದ್ದೇನೆ. ಅವರಿಗೆ ಐಎಸ್‌ಐ ಗುರುತಿನ ಹೊಸ ಹೆಲ್ಮೆಟ್ ತಂದೆ. ಬಣ್ಣ ಅವರೇ ಆರಿಸಿದರು, ಹಳದಿ. ಮಂಜಿನಲ್ಲಿ ಕಾಣಲಿ ಅಂತ.

ಮಾತ್ರೆ ಡಬ್ಬಿ ಟ್ಯಾಂಕ್ ಬ್ಯಾಗಿನಲ್ಲಿ, ಬಟ್ಟೆ ಸ್ಯಾಡಲ್ ಬ್ಯಾಗಿನಲ್ಲಿ, ಎಲ್ಲಾ ಪ್ಲಾಸ್ಟಿಕ್ ಕವರಿನೊಳಗೆ. ಹೋಮ್‌ಸ್ಟೇ ಕೇಳುವಾಗ ಮೊದಲ ಪ್ರಶ್ನೆ ‘ಕೆಳಗಿನ ರೂಮ್ ಇದೆಯಾ’ ಅಂತ. ಎರಡನೇದು, ಗಾಡಿ ಬಾಗಿಲ ಹತ್ತಿರದವರೆಗೆ ಬರುತ್ತದಾ ಅಂತ. ಎಷ್ಟೋ ಹೋಮ್‌ಸ್ಟೇಗಳಿಗೆ ಕೊನೆಯ ಒಂದು ಕಿಲೋಮೀಟರ್ ಜೀಪಿನ ದಾರಿ, ಅದರಲ್ಲಿ ಅಪ್ಪನನ್ನು ಕೂರಿಸಿಕೊಂಡು ಹತ್ತಲಾರೆ.

ಉಳಿದದ್ದು ಮಳೆಯೊಂದೇ. ಹೊರಡುವ ವಾರ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಏನು ಬಿಡುವುದು ಅಂತಲೂ ಮೊದಲೇ ಮಾತಾಡಿಕೊಂಡಿದ್ದೇವೆ. ಮೊದಲು ಬಿಸಿಲೆ ಬಿಡುತ್ತೇವೆ, ಹಾಸನ ಮೇಲೆ ನೇರ ಮೂಡಿಗೆರೆಗೆ ಹೋಗುತ್ತೇವೆ. ಆಗ ಚಾರ್ಮಾಡಿಯೂ ತಾನಾಗೇ ಹೋಗುತ್ತದೆ. ಆಮೇಲೂ ಮಳೆ ನಿಲ್ಲದಿದ್ದರೆ ಹುಲಿಕಲ್, ಕೊಲ್ಲೂರು ಬಿಟ್ಟು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ. ಕುದುರೆಮುಖ ಮತ್ತು ಆಗುಂಬೆ ಮಾತ್ರ ಬಿಡುವುದಿಲ್ಲ. ಅವೆರಡೂ ಆಗದಷ್ಟು ಮಳೆ ಇದ್ದರೆ ರಜೆಯನ್ನೇ ಡಿಸೆಂಬರ್‌ಗೆ ಹಾಕುತ್ತೇನೆ, ಆಫೀಸಿನಲ್ಲಿ ಆಗಲೇ ಕೇಳಿಟ್ಟಿದ್ದೇನೆ.