ಪೊಲೀಸರಿಗೆ ಬೀದಿಯವರೇ ಕೆಲಸ ಹೇಳುವ ಸಭೆ

ಲಂಡನ್ನಿನಲ್ಲಿ ಪೊಲೀಸರನ್ನು ನಾನು ಹತ್ತಿರದಿಂದ ನೋಡಿದ್ದು ನಮ್ಮ ಏರಿಯಾದ ಲೈಬ್ರರಿಯಲ್ಲಿ. ವರ್ಷಕ್ಕೆ ಕೆಲವು ಸಲ ಅಲ್ಲಿ ವಾರ್ಡ್ ಪ್ಯಾನೆಲ್, ಅಂದರೆ ವಾರ್ಡಿನ ನಿವಾಸಿಗಳು ಪೊಲೀಸರೊಂದಿಗೆ ಕೂತು ಮಾತಾಡುವ ಸಭೆ, ಸೇರುತ್ತದೆ. ಅಧ್ಯಕ್ಷತೆ ಇಲ್ಲಿಯ ನಿವಾಸಿಯೊಬ್ಬರದ್ದೇ. ಮುಂದಿನ ಕೆಲವು ತಿಂಗಳು ಪೊಲೀಸರು ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು ಅಂತ ನಾವೇ ಆರಿಸುತ್ತೇವೆ, ಸಾಮಾನ್ಯವಾಗಿ ಮೂರು ವಿಷಯ. ಮುಂದಿನ ಸಲ ಅವರು ಅದಕ್ಕೆ ಉತ್ತರ ಹೇಳಬೇಕು. ಏನು ಮಾಡಿದರು, ಏನು ಆಗಲಿಲ್ಲ, ಯಾಕೆ ಆಗಲಿಲ್ಲ. ಈ ಉತ್ತರ ಹೇಳುವ ಭಾಗ ಇಲ್ಲದಿದ್ದರೆ ಇಂಥ ಸಭೆಗೆ ಯಾರೂ ಎರಡನೇ ಸಲ ಬರುವುದಿಲ್ಲ ಅಂತ ನನಗನಿಸುತ್ತದೆ.

ಪ್ರತಿ ವಾರ್ಡಿಗೂ ಇಂಥವರೇ ಅಂತ ಅಧಿಕಾರಿಗಳಿದ್ದಾರೆ. ಜೊತೆಗೆ ಪಿಸಿಎಸ್‌ಓಗಳು, ಅಂದರೆ ಪೊಲೀಸರಿಗೆ ನೆರವಾಗುವ ಸಮುದಾಯ ಸಹಾಯಕ ಅಧಿಕಾರಿಗಳು. 2002ರ ಕಾಯ್ದೆಯಿಂದ ಬಂದ ಹುದ್ದೆ ಇದು. ಪೊಲೀಸರಷ್ಟು ಅಧಿಕಾರ ಇವರಿಗಿಲ್ಲ. ಬೀದಿಯಲ್ಲಿ ಓಡಾಡುತ್ತಾ ಜನರನ್ನು ಮಾತಾಡಿಸುವುದೇ ಇವರ ಕೆಲಸದ ದೊಡ್ಡ ಪಾಲು.

ಭಾರತೀಯ ಮನೆಗಳಲ್ಲಿ ಚಿನ್ನ ಇರುತ್ತದೆ ಅಂತ ಇಲ್ಲಿಯ ಕಳ್ಳರಿಗೂ ಗೊತ್ತು. ದೀಪಾವಳಿ ಹತ್ತಿರವಾದಾಗ ಪೊಲೀಸರು ಎಚ್ಚರಿಸುತ್ತಾರೆ: ಒಡವೆಗಳ ಫೋಟೋ ತೆಗೆದಿಡಿ, ಹೊರಗೆ ಹೋಗುವಾಗ ದೀಪಕ್ಕೆ ಟೈಮರ್ ಹಾಕಿ. ಒಳ್ಳೆಯ ಮಾತೇ. ಆದರೆ ನಮ್ಮ ಸಾಲುಮನೆಗಳ ನಿಜವಾದ ಸಮಸ್ಯೆ ಹಿತ್ತಿಲ ಹಿಂದಿನ ಓಣಿಯಲ್ಲಿತ್ತು. ಕತ್ತಲು, ಎರಡೂ ಕಡೆ ತೆರೆದದ್ದು. ಕಳ್ಳರು ಬರುತ್ತಿದ್ದದ್ದು ಅಲ್ಲಿಂದಲೇ. ಪೊಲೀಸ್ ವೆಬ್‌ಸೈಟಿನ ನಕ್ಷೆಯಲ್ಲಿ ಯಾವ ಬೀದಿಯ ಸುತ್ತಮುತ್ತ ಏನು ನಡೆದಿದೆ ಅಂತ ತಿಂಗಳು ತಿಂಗಳೂ ಹಾಕುತ್ತಾರೆ. ಮನೆ ಯಾವುದು ಅಂತ ಮಾತ್ರ ತೋರಿಸುವುದಿಲ್ಲ. ಅದನ್ನು ಮುಂದಿಟ್ಟುಕೊಂಡು ಅಧಿಕಾರಿಯೊಬ್ಬರು ನಮ್ಮೊಂದಿಗೆ ಓಣಿಯುದ್ದಕ್ಕೂ ನಡೆದರು. ಲಿವರ್‌ಪೂಲ್‌ನಲ್ಲಿ ಇಂಥ ಓಣಿಗಳಿಗೆ ಗೇಟ್ ಹಾಕಿದ ಮೇಲೆ ಮನೆಗಳ್ಳತನ ಕಡಿಮೆಯಾಗಿತ್ತು ಅಂತ ಅವರೇ ಹೇಳಿದ್ದು.

ಗೇಟ್ ಹಾಕಿಸಲು ಅವರೊಬ್ಬರಿಂದ ಆಗುವುದಿಲ್ಲ. ಓಣಿಗೆ ಬಾಗಿಲಿರುವ ಮನೆಯವರೆಲ್ಲ ಒಪ್ಪಬೇಕಿತ್ತು, ಕೌನ್ಸಿಲ್‌ನ, ಅಂದರೆ ಇಲ್ಲಿಯ ಸ್ಥಳೀಯ ಆಡಳಿತದ, ಅನುಮತಿ ಬೇಕಿತ್ತು. ಸಹಿಗಾಗಿ ಮನೆ ಮನೆ ಹತ್ತಿದೆವು. ಬಾಡಿಗೆ ಮನೆಗಳ ಮಾಲೀಕರನ್ನು ಹುಡುಕುವುದೇ ಕಷ್ಟದ ಕೆಲಸ. ಪೊಲೀಸರ ಬೆಂಬಲದ ಪತ್ರ ಇದ್ದದ್ದರಿಂದ ಕೌನ್ಸಿಲ್‌ನಲ್ಲಿ ನಮ್ಮ ಮಾತಿಗೆ ತೂಕ ಬಂತು. ಈಗ ಗೇಟ್ ಇದೆ, ಪ್ರತಿ ಮನೆಗೂ ಒಂದು ಕೀಲಿ. ಮುಖ್ಯವಾಗಿ, ಅಕ್ಕಪಕ್ಕದವರ ಹೆಸರು ಈಗ ನಮಗೆ ಗೊತ್ತು.

ಒಂದು ಚಿಂತೆ ಇನ್ನೂ ಇದೆ. ಸಭೆಗೆ ಬರುವವರು ಹೆಚ್ಚಾಗಿ ನಿವೃತ್ತರು, ಸ್ವಂತ ಮನೆ ಇರುವವರು. ಬೀದಿಯಲ್ಲಿ ಪೊಲೀಸರು ತಡೆದು ಜೇಬು ತಪಾಸಣೆ ಮಾಡುವುದು ಮಾತ್ರ ಹುಡುಗರನ್ನು, ಅದರಲ್ಲೂ ಕಪ್ಪು ಹುಡುಗರನ್ನು ಜಾಸ್ತಿ. ಅವರ ಮಾತು ಕೇಳದೆ ನಾವು ಪಟ್ಟಿ ಮಾಡಿದರೆ ಅದು ಇಡೀ ಬೀದಿಯ ಪಟ್ಟಿ ಹೇಗಾಗುತ್ತದೆ? ಹಾಗಾಗಿ ಮುಂದಿನ ಸಭೆ ಶನಿವಾರ ಯೂತ್ ಕ್ಲಬ್ಬಿನಲ್ಲೇ ನಡೆಯಲಿ ಅಂತ ಕೆಲವರು ಕೇಳಿದೆವು. ಅಧ್ಯಕ್ಷೆ ಒಪ್ಪಿದ್ದಾರೆ. ಶಿಫ್ಟ್ ಕೆಲಸದವರಿಗೂ ಆ ದಿನವೇ ಅನುಕೂಲ.