ಜಗಳದ ಹೊತ್ತಿನಲ್ಲಿ ಕಂಡ ವರ

ಹೆಣ್ಣು ಗಂಡು ನೋಡುವ ನಮ್ಮ ಪದ್ಧತಿಯಲ್ಲಿ ಎಷ್ಟೋ ಸಂಗತಿಗಳನ್ನು ಬಹಳ ಜಾಗ್ರತೆಯಿಂದ ವಿಚಾರಿಸುತ್ತಾರೆ. ಬಳಿ, ಅಂದರೆ ಗೋತ್ರದಂಥ ಕುಲ, ಬೇರೆಯೇ, ಜಾತಕ ಕೂಡುತ್ತದೆಯೇ, ತೋಟ ಎಷ್ಟು ಏಕರೆ, ಅದರ ಮೇಲೆ ಬ್ಯಾಂಕಿನ ಸಾಲ ಎಷ್ಟು, ಹುಡುಗನಿಗೆ ಕುಡಿತದ ಚಟವಿದೆಯೇ, ಹುಡುಗಿ ಹತ್ತು ಜನರಿರುವ ಮನೆಯಲ್ಲಿ ಹೊಂದಿಕೊಂಡು ಹೋಗುವಳೇ ಎಂಬುದನ್ನೆಲ್ಲ ನೆಂಟರಿಷ್ಟರ ಮೂಲಕ ಒಂದಕ್ಕೆ ಎರಡು ಸಲ ಕೇಳಿ ತಿಳಿದುಕೊಳ್ಳುತ್ತಾರೆ. ಭಿನ್ನಾಭಿಪ್ರಾಯ ಬಂದಾಗ ಈ ವ್ಯಕ್ತಿ ಎದುರಿಗಿರುವವರನ್ನು ಹೇಗೆ ಕಾಣುತ್ತಾನೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಅದಕ್ಕೆ ಉತ್ತರ ಸಿಗುವ ಹಾಗೆ ಆ ದಿನಗಳು ಏರ್ಪಾಡಾಗಿರುವುದಿಲ್ಲ. ಎಲ್ಲರೂ ಹೊಸ ಬಟ್ಟೆ ತೊಟ್ಟು, ಒಳ್ಳೆಯ ಮಾತನ್ನಷ್ಟೇ ಆಡಿ, ಕಾಫಿ ಕುಡಿದು ಹೊರಡುವ ಆ ಒಂದೆರಡು ಗಂಟೆಗಳಲ್ಲಿ ಜಗಳಕ್ಕೆ ಜಾಗವಾದರೂ ಎಲ್ಲಿದೆ? ನನಗೆ ಆ ಉತ್ತರ ಸಿಕ್ಕಿದ್ದು ಫೆಬ್ರವರಿಯ ಕೊನೆಯಲ್ಲಿ ಬಂದ ಒಂದು ಅಕಾಲದ ಮಳೆಯಿಂದ.

ನಮ್ಮ ಮನೆ ಕೊಡಗಿನ ಮಾದಾಪುರದ ಆಚೆಗಿದೆ; ಮನೆಯೊಳಗಿನ ಮಾತು ಅರೆಭಾಷೆ ಎಂಬ ಕನ್ನಡದ ಒಳನುಡಿ. ನಾನು ಓದಿದ್ದು ಮೈಸೂರಿನಲ್ಲಿ, ಮನೋವಿಜ್ಞಾನ. ಆ ಊರಿನಲ್ಲಿ ಆ ವಿಷಯಕ್ಕೆ ದೊಡ್ಡ ಪರಂಪರೆಯಿದೆ. 1924ರಷ್ಟು ಹಿಂದೆಯೇ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಅದಕ್ಕೊಂದು ವಿಭಾಗವನ್ನು ಕಟ್ಟಿದ್ದರು; ಮುಂದೆ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಬಾನುಲಿ ಪ್ರಸಾರ ನಡೆಸಿದವರೂ ಅವರೇ. ಓದು ಮುಗಿಸಿ ಮಡಿಕೇರಿಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ ಮೇಲೆ ಮನೆಯಲ್ಲಿ ಮದುವೆಯ ಮಾತು ಶುರುವಾಯಿತು.

ಸಿದ್ದಾಪುರದ ಕಡೆಯ ಈ ಸಂಬಂಧವನ್ನು ತಂದವರು ನನ್ನ ಸೋದರಮಾವ. ‘ಓದಿದ್ದಾನೆ, ತೋಟ ಚೆನ್ನಾಗಿ ನೋಡಿಕೊಳ್ಳುತ್ತಾನೆ, ಕೆಲಸದಲ್ಲಿ ಚುರುಕು, ಹುಡುಗ ಸಾಧು’ ಎಂದು ಅವರು ಹೇಳಿದಾಗ ಅವ್ವನ ಮುಖ ಅರಳಿದ್ದು ಕೊನೆಯ ಮಾತಿಗೆ. ತರಗತಿಯಲ್ಲಿ ನಾನು ಪ್ರತಿ ವರ್ಷ ಹೇಳುವ ಪಾಠವೊಂದು ಆಗ ನೆನಪಾಯಿತು. ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ 1946ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಬ್ಬ ವ್ಯಕ್ತಿಯ ಗುಣಗಳ ಪಟ್ಟಿಯನ್ನು ಜನರಿಗೆ ಓದಿ ಹೇಳಿದರು. ಬುದ್ಧಿವಂತ, ಕುಶಲ, ಶ್ರಮಜೀವಿ, ದೃಢಮನಸ್ಸಿನವನು ಮುಂತಾದ ಗುಣಗಳು ಎರಡು ಗುಂಪಿಗೂ ಒಂದೇ ಆಗಿದ್ದವು. ನಡುವೆ ಒಂದು ಗುಂಪಿಗೆ ‘ಆತ್ಮೀಯ ಸ್ವಭಾವದವನು’ ಎಂದೂ ಇನ್ನೊಂದಕ್ಕೆ ‘ತಣ್ಣನೆಯ ಸ್ವಭಾವದವನು’ ಎಂದೂ ಓದಲಾಗಿತ್ತು, ಅಷ್ಟೇ. ಆ ಒಂದೇ ವ್ಯತ್ಯಾಸದಿಂದ ಮೊದಲ ಗುಂಪಿನವರ ಕಣ್ಣಿಗೆ ಅವನು ಉದಾರಿಯೂ ಸಂತೋಷವಂತನೂ ಆದ, ಎರಡನೆಯವರ ಕಣ್ಣಿಗೆ ಆಗಲಿಲ್ಲ. ‘ಸಾಧು’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಮನೆಯವರು ಆ ಹುಡುಗನ ಮೌನವನ್ನು ವಿನಯವೆಂದೂ ನಿಧಾನವನ್ನು ಗಾಂಭೀರ್ಯವೆಂದೂ ಓದಿಕೊಂಡರು. ನಮ್ಮ ಮನೆಯಲ್ಲಿ ನಡೆದ ಮೊದಲ ಭೇಟಿಯಿಂದ ನನಗೆ ತಿಳಿದದ್ದು ಬಹಳ ಕಡಿಮೆ.

ಎರಡನೆಯ ಭೇಟಿಗೆ ನಾವು ಅವರ ಮನೆ ನೋಡಲು ಹೋದೆವು. ರೊಬಸ್ಟಾ ತಳಿಯ ಕಾಫಿಯ ಕೊಯ್ಲು ಮುಗಿಯುತ್ತ ಬಂದಿದ್ದ ಸಮಯ. ಮನೆಯ ಮುಂದಿನ ಕಣದ ತುಂಬ ಚೆರಿ ಕಾಫಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣು, ಹರಡಿತ್ತು. ಒಂದು ಬದಿಯದು ಒಣಗಿ ಕಪ್ಪಾಗಿತ್ತು, ಇನ್ನೊಂದು ಬದಿಯದು ಆಗಷ್ಟೇ ಕೊಯ್ದು ತಂದ ಕೆಂಪು ಹಣ್ಣು. ಊಟವಾಗಿ ಎಲೆ ಅಡಿಕೆ ತಟ್ಟೆ ಬರುವ ಹೊತ್ತಿಗೆ ಬ್ರಹ್ಮಗಿರಿಯ ದಿಕ್ಕಿನಿಂದ ಗುಡುಗು ಕೇಳಿತು. ಆ ಗುಡುಗನ್ನು ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕೇಳಿಸಿಕೊಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೊಯ್ಲು ಮುಗಿಸಿ ಕಾಫಿ ಮಾರಿ ಕುಳಿತಿದ್ದ ಪಕ್ಕದ ತೋಟದ ಹಿರಿಯರು ‘ಹೂಮಳೆ ಬಂತು’ ಎಂದು ಸಂತೋಷದಿಂದ ಎದ್ದು ನಿಂತರು. ಈ ಮಳೆ ಹದವಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ರೊಬಸ್ಟಾ ಗಿಡ ಹೂ ಬಿಡುತ್ತದೆ, ಮುಂದಿನ ವರ್ಷದ ಫಸಲು ಅದರ ಮೇಲೆ ನಿಂತಿದೆ. ಅದೇ ಸದ್ದಿಗೆ ಹುಡುಗನ ಮನೆಯವರ ಮುಖ ಬಿಳಿಚಿತು. ಕಣದ ಕಾಫಿ ನೆನೆದರೆ ಬೂಸ್ಟು ಹಿಡಿಯುತ್ತದೆ, ಗಿಡದಲ್ಲಿ ಹಣ್ಣು ಉಳಿದಿರುವಾಗಲೇ ಹೂ ಬಂದರೆ ಕೊಯ್ಯುವವರ ಕೈಗೆ ಸಿಕ್ಕಿ ಹೂವೂ ಹಾಳಾಗುತ್ತದೆ. ನನ್ನ ಅವ್ವ ಎರಡನ್ನೂ ಯೋಚಿಸಲಿಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಸುತ್ತಲಿನ ಬೆಟ್ಟಗಳು ಜಾರಿ ಮನೆ ತೋಟಗಳನ್ನು ಕೊಚ್ಚಿಕೊಂಡು ಹೋದುದನ್ನು ಕಂಡವರು ಅವರು. ಸಿದ್ದಾಪುರದ ಇಳಿಜಾರು ಮಾದಾಪುರದ ಬೆಟ್ಟವಲ್ಲ ಎಂದು ತಿಳಿದಿದ್ದರೂ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತ್ತು.

ಎಲ್ಲರೂ ಕಣಕ್ಕೆ ಓಡಿದರು. ಮರದ ಹಲಗೆಗಳಿಂದ ಕಾಫಿಯನ್ನು ಗೋರಿ ರಾಶಿ ಮಾಡುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಟಾರ್ಪಾಲಿನ ಒಂದು ತುದಿಯನ್ನು ನಾನೂ ಹಿಡಿದೆ. ಒಣಗಿದ ಭಾಗದ ಅರ್ಧದಷ್ಟು ಉಳಿಯಿತು. ಉಳಿದದ್ದು ಕಣದ ಅಂಚಿನ ಚರಂಡಿಯಲ್ಲಿ ಕೆಂಪು ಕಪ್ಪು ಬೆರೆತು ಹರಿದುಹೋಗುತ್ತಿದ್ದಾಗ ಅಣ್ಣ ತಮ್ಮಂದಿರ ಜಗಳ ಶುರುವಾಯಿತು. ಕಣ ಕಾಯುವ ಆಳನ್ನು ಹುಡುಗನ ತಂದೆ ಬೆಳಿಗ್ಗೆ ಪಂಪಿಗೆ ಡೀಸೆಲ್ ತರಲು ಪೇಟೆಗೆ ಕಳಿಸಿದ್ದರು. ಅದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಅವರು ಆಳು ಕಣದಲ್ಲಿಯೇ ಇದ್ದಾನೆಂದು ತಿಳಿದಿದ್ದರು. ‘ಇವನದು ಹುಟ್ಟುಗುಣ, ಯಾರನ್ನೂ ಕೇಳದೆ ಮಾಡುತ್ತಾನೆ’ ಎಂದು ಒಬ್ಬರು, ‘ಅಣ್ಣನಿಗೆ ಮನೆಯ ಮೇಲೆ ಯಾವತ್ತು ಗಮನವಿತ್ತು’ ಎಂದು ಇನ್ನೊಬ್ಬರು, ಬೀಗರಾಗಲು ಬಂದವರು ಎದುರಿಗಿದ್ದಾರೆ ಎಂಬುದನ್ನೂ ಮರೆತು ಕೂಗಾಡಿದರು.

ನಮ್ಮ ತಪ್ಪಿಗೆ ಸಂದರ್ಭವನ್ನೂ ಇತರರ ತಪ್ಪಿಗೆ ಅವರ ಸ್ವಭಾವವನ್ನೂ ಕಾರಣವಾಗಿ ಕೊಡುವ ಈ ರೂಢಿ ಆ ಮನೆಯೊಂದರದೇ ಅಲ್ಲ. ಸಂದರ್ಭದ ಒತ್ತಡವನ್ನು ಮರೆತು ಎದುರಿನವರ ನಡೆಗೆ ಅವರ ಗುಣವನ್ನೇ ಕಾರಣ ಮಾಡುವ ಈ ವಾಲಿಕೆಯನ್ನು ಮನೋವಿಜ್ಞಾನಿ ಲೀ ರಾಸ್ ಅವರು 1977ರಲ್ಲಿ ಮೂಲಭೂತ ದೋಷವೆಂದೇ ಕರೆದರು. ಅದಕ್ಕೂ ಹಿಂದೆ, 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒರಟಾದ ಫುಟ್‌ಬಾಲ್ ಪಂದ್ಯವೊಂದು ನಡೆದಿತ್ತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬಿಬ್ಬರು ಅದರ ಒಂದೇ ಚಿತ್ರೀಕರಣವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದಾಗ, ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್‌ಟನ್‌ನವರ ಕಣ್ಣಿಗೆ ಡಾರ್ಟ್‌ಮತ್‌ನವರಿಗೆ ಕಂಡದ್ದರ ಸುಮಾರು ಎರಡರಷ್ಟು ಕಂಡವು. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆ ಕಣದಲ್ಲಿಯೂ ಯಾರೂ ಸುಳ್ಳು ಹೇಳಲಿಲ್ಲ.

ಹುಡುಗ ಒದ್ದೆಯಾಗಿ ನಿಂತಿದ್ದವರು ಇಬ್ಬರ ನಡುವೆ ಬಂದು ಹೇಳಿದ್ದು ಇಷ್ಟು: ‘ದೊಡ್ಡಪ್ಪ, ಅಪ್ಪ ಅವನನ್ನು ಕಳಿಸುವಾಗ ಆಕಾಶ ತಿಳಿಯಾಗಿತ್ತು. ಅಪ್ಪ, ಅವನು ಹೋದದ್ದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ.’ ಜಗಳ ನಿಲ್ಲಲಿಲ್ಲ, ಸದ್ದು ಮಾತ್ರ ಸ್ವಲ್ಪ ತಗ್ಗಿತು. ಆದರೆ ಇಬ್ಬರಿಗೂ ಅವರವರ ಸಂದರ್ಭವನ್ನು ಒಬ್ಬ ಮನುಷ್ಯ ಕೊಟ್ಟದ್ದನ್ನು ನಾನು ಕಂಡೆ.

ಸ್ವಲ್ಪ ಹೊತ್ತಿನ ನಂತರ ಹಿರಿಯರು ನಮ್ಮಿಬ್ಬರನ್ನು ಜಗಲಿಯಲ್ಲಿ ಮಾತಾಡಲು ಬಿಟ್ಟರು. ನನ್ನ ಕೆಲಸದ ವಿಷಯ ಬಂತು. ಮಡಿಕೇರಿಯಿಂದ ಚೆಟ್ಟಳ್ಳಿಯ ಮೇಲೆ ಸಿದ್ದಾಪುರಕ್ಕೆ ಬರುವ ರಸ್ತೆ ಮೀನುಕೊಲ್ಲಿ ಕಾಡಿನ ಸಮೀಪ ಹಾಯುತ್ತದೆ. ಸಂಜೆಯಾದರೆ ಆ ಕಡೆ ಆನೆಗಳು ರಸ್ತೆ ದಾಟುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ‘ಕತ್ತಲಾದ ಮೇಲೆ ನೀವು ಆ ದಾರಿಯಲ್ಲಿ ಬರುವುದು ಬೇಡ’ ಎಂದರು ಅವರು. ‘ಹಾಗಾದರೆ ಕೆಲಸ ಬಿಡಿ ಎಂದು ನೇರವಾಗಿಯೇ ಹೇಳಿ’ ಎಂದೆ ನಾನು. ಅವರ ದನಿ ಏರಿತು: ತೋಟದ ಕೆಲಸಕ್ಕೆ ಬರುವವರನ್ನು ಆನೆ ತುಳಿದದ್ದನ್ನು ಈ ಊರಿನವರು ಕಣ್ಣಾರೆ ಕಂಡಿದ್ದಾರೆ, ಇದು ಮಾತಿನ ವಿಷಯವಲ್ಲ. ನನ್ನ ದನಿಯೂ ಏರಿತು: ಅಪಾಯ ಇರುವುದು ನನಗಾದರೆ ಅದನ್ನು ತೂಗಿ ನೋಡುವ ಹಕ್ಕೂ ನನಗಿರಬೇಕು, ಗಂಡಸರು ಅದೇ ದಾರಿಯಲ್ಲಿ ರಾತ್ರಿ ಬೈಕಿನಲ್ಲಿ ಬರುವಾಗ ಯಾರೂ ಬೇಡ ಎನ್ನುವುದಿಲ್ಲವಲ್ಲ. ಒಪ್ಪಂದಕ್ಕೆ ಬರದೆಯೇ ಇಬ್ಬರೂ ಸುಮ್ಮನಾದೆವು.

ಒಳಗೆ ಹೋದಾಗ ಅವರ ತಾಯಿ, ‘ಎಂಥ ಜೋರು ಮಾತು ಕೇಳಿತಲ್ಲ, ಹುಡುಗಿಗೆ ನಮ್ಮೂರು ಬೇಡವಂತೆಯಾ?’ ಎಂದು ಕೇಳಿದರು. ಅವರು ನನ್ನ ಕಡೆ ನೋಡದೆ ಉತ್ತರ ಕೊಟ್ಟರು: ‘ಅವರು ಊರು ಬೇಡ ಅಂದಿಲ್ಲ ಅಮ್ಮ. ಆನೆಯ ಭಯ ಸುಳ್ಳು ಅಂತಲೂ ಅಂದಿಲ್ಲ. ಆ ದಾರಿಯಲ್ಲಿ ಓಡಾಡಬೇಕಾದವರು ಅವರು, ಹಾಗಾಗಿ ತೀರ್ಮಾನವೂ ಅವರದೇ ಆಗಬೇಕು, ಗಂಡಸರಿಗೆ ಇಲ್ಲದ ನಿಯಮ ತಮಗೆ ಯಾಕೆ ಅಂತ ಕೇಳುತ್ತಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.’

ನನ್ನ ಮಾತನ್ನು ನಾನೇ ಹೇಳಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಕೋಪ ಇಳಿಯುವ ಮೊದಲೇ, ತನ್ನ ಅಭಿಪ್ರಾಯವನ್ನು ಬಿಟ್ಟುಕೊಡದೆಯೇ, ನಾನು ಆಡಿದ್ದನ್ನು ಕುಗ್ಗಿಸದೆ ತಿರುಚದೆ ತನ್ನ ತಾಯಿಯ ಮುಂದೆ ಇಟ್ಟ ಆ ಗಳಿಗೆಯಲ್ಲಿ ನನ್ನ ಮನಸ್ಸು ನಿರ್ಧಾರಕ್ಕೆ ಬಂತು. ವಾದದಲ್ಲಿ ಇದು ಎಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತು. ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ಮರಳಿ ಹೇಳಿದ ಮೇಲೆಯೇ ನಿಮ್ಮ ಮಾತನ್ನು ಆಡಿ ಎಂದು ಕಾರ್ಲ್ ರೋಜರ್ಸ್ ಎಂಬ ಆಪ್ತಸಮಾಲೋಚನೆಯ ಹಿರಿಯರು ಸಲಹೆ ಕೊಟ್ಟಿದ್ದರು. ತರಗತಿಯಲ್ಲಿ ಅಭ್ಯಾಸ ಮಾಡಿಸಿದರೆ ಬುದ್ಧಿವಂತ ವಿದ್ಯಾರ್ಥಿಗಳೂ ತಡವರಿಸುತ್ತಾರೆ. ದಂಪತಿಗಳ ಜಗಳಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಅವರ ಲೆಕ್ಕದಲ್ಲಿ ಗಂಡ ಹೆಂಡಿರ ನಡುವಿನ ತಕರಾರುಗಳಲ್ಲಿ ಶೇಕಡಾ 69ರಷ್ಟು ಎಂದೂ ಪೂರ್ತಿ ಬಗೆಹರಿಯದಂಥವು. ಮದುವೆಯನ್ನು ಮುರಿಯುವ ನಡತೆಗಳಲ್ಲಿ ಅವರು ಎಲ್ಲಕ್ಕಿಂತ ಅಪಾಯಕಾರಿ ಎಂದದ್ದು ತಿರಸ್ಕಾರವನ್ನು. ಬಗೆಹರಿಯದ ತಕರಾರಿನೊಡನೆ ಬದುಕುವುದೇ ಹೆಚ್ಚಿನ ಪಾಲು ಎಂದಾದರೆ, ತಕರಾರಿನ ನಡುವೆಯೂ ನನ್ನನ್ನು ಸರಿಯಾಗಿ ಕಾಣಬಲ್ಲ ಕಣ್ಣು ಯಾರಿಗಿದೆ ಎಂಬುದಕ್ಕಿಂತ ದೊಡ್ಡ ವಿಚಾರಣೆ ನನಗೆ ತೋಚಲಿಲ್ಲ.

ಹಿಂದಿರುಗುವಾಗ ಸೋದರಮಾವನಿಗೆ ಬೇಸರವಾಗಿತ್ತು. ಅಣ್ಣ ತಮ್ಮಂದಿರು ನೆಂಟರೆದುರು ಹೊಡೆದಾಡುವುದೊಂದು ಬಾಕಿಯಿತ್ತು, ಹುಡುಗನೂ ಸಾಧು ಅಲ್ಲ, ಈ ಸಂಬಂಧ ಬಿಡೋಣ ಎಂದರು. ಅಪ್ಪನ ಮೌನವೂ ಅದೇ ದಿಕ್ಕಿನಲ್ಲಿತ್ತು. ನಾನು ಮೊದಲು ಆ ಹುಡುಗ ರಸ್ತೆಯ ವಿಷಯದಲ್ಲಿ ಹೇಳಿದ್ದನ್ನು, ಅವರ ಭಯಕ್ಕಿರುವ ಕಾರಣದ ಸಮೇತ, ಅವರೇ ಹೇಳಿದಂತೆ ವಿವರಿಸಿದೆ. ನಂತರ ನನ್ನ ಅಭಿಪ್ರಾಯ ಬೇರೆ ಎಂದೆ. ಕೊನೆಗೆ ಈ ಸಂಬಂಧಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಮಾತು ಕೊಡುವ ಮೊದಲು ಇನ್ನೊಮ್ಮೆ ಕೂತು ಮಾತಾಡಬೇಕು ಎಂದೆ. ಜಗಳವಾಡಿದವನನ್ನೇ ಆರಿಸುವ ಹುಡುಗಿಯನ್ನು ಮಾವ ಅದುವರೆಗೆ ಕಂಡಿರಲಿಲ್ಲ. ಮದುವೆ ಮುಗಿಯುವ ತನಕ ಯಾವ ಕಷ್ಟದ ಮಾತನ್ನೂ ಎತ್ತಬಾರದು ಎಂಬ ಹಿರಿಯರ ಎಚ್ಚರಿಕೆಯ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಅದರಿಂದ ಎಷ್ಟು ಹೆಣ್ಣುಮಕ್ಕಳು ಗಂಡನ ನಿಜವಾದ ದನಿಯನ್ನು ಮದುವೆಯಾದ ಮೇಲೆ ಮೊದಲ ಬಾರಿಗೆ ಕೇಳಿದ್ದಾರೆ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಮುಂದಿನ ಭೇಟಿಯಲ್ಲಿ ತೋಟದ ಸಾಲ, ಅವರ ತಾಯಿಯ ಕಾಲುನೋವು, ನನ್ನ ಸಂಬಳ ಯಾರ ಕೈಯಲ್ಲಿ ಎಂಬುದು, ಎಲ್ಲವೂ ಮಾತಿಗೆ ಬಂತು. ಕೆಲವದರಲ್ಲಿ ಒಪ್ಪಿದೆವು, ಸಾಲದ ವಿಷಯದಲ್ಲಿ ಒಪ್ಪಲಿಲ್ಲ. ಮೇ ತಿಂಗಳಲ್ಲಿ ಮದುವೆಯಾಯಿತು. ಈಗ ಕಾಲೇಜು ಬೇಗ ಬಿಟ್ಟ ದಿನ ನಾನು ಬೆಳಕಿರುವಾಗ ಚೆಟ್ಟಳ್ಳಿ ದಾಟುತ್ತೇನೆ, ತಡವಾದ ದಿನ ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇನೆ. ರಾತ್ರಿ ಆ ದಾರಿಯಲ್ಲಿ ಬೈಕಿನಲ್ಲಿ ಬರುವುದನ್ನು ಅವರೂ ಬಿಟ್ಟಿದ್ದಾರೆ. ಆ ನಿಯಮ ಅಗತ್ಯವೇ ಎಂಬ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಇವತ್ತಿಗೂ ಬೇರೆ ಬೇರೆಯಾಗಿಯೇ ಇದೆ.